ಕಡಲಂಚಿನ ಪಾಠವೂ ಪ್ರವಾಸವೆಂಬ ಜಾತ್ರೆಯೂ



ಈ ಸಲ ಬರೆಯಹೊರಟಿರುವುದು ನೆನಪಿನ ಬರಹವಲ್ಲ, ಜಗಳದ ಬರಹ. ನಡುವೆ ಎಲ್ಲಾದರೂ ನೆನಪು ಇಣುಕಿದರೆ ಅದು ನನ್ನ ಪರವಾಗಿ ಸಾಕ್ಷಿ ಹೇಳಲು ಬಂದದ್ದೆಂದು ತಿಳಿದುಕೊಳ್ಳಿ.

ಜಗಳಕ್ಕೆ ಕಾರಣವಾದದ್ದು ಒಂದು ಸುತ್ತೋಲೆ. ನಮ್ಮ ಬಂಧುವೊಬ್ಬರ ಮಗಳು ಓದುವ ಶಾಲೆಯಲ್ಲಿ (ಹೆಸರು ಬೇಡ, ನಮ್ಮ ಕರಾವಳಿಯದೇ) ವಿಜ್ಞಾನದ ಅಕ್ಕೋರು ಏಳನೆಯ ತರಗತಿಯ ಮಕ್ಕಳನ್ನು ಅಳಿವೆಯ ದಂಡೆಗೆ ಕರೆದೊಯ್ದು ಕಡಲಹಕ್ಕಿಗಳ ನೆಲೆಗಳನ್ನು ತೋರಿಸಬೇಕೆಂದು ಯೋಜಿಸಿದ್ದರು. ಆಡಳಿತ ಮಂಡಳಿಯವರು ಪಾಲಕರ ಸಭೆ ಕರೆದರು, ಪಾಲಕರು ಹೆದರಿದರು, ಇನ್ನು ಮುಂದೆ ಸಮುದ್ರತೀರದ ಯಾವುದೇ ಕಾರ್ಯಕ್ರಮ ಇರುವುದಿಲ್ಲವೆಂದು ಸುತ್ತೋಲೆ ಹೊರಟಿತು. ಅಲ್ಲಿಗೆ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಮಕ್ಕಳು ಬೇಸರಪಟ್ಟುಕೊಳ್ಳಬಾರದೆಂದು, ತಲೆಗಿಷ್ಟೆಂದು ಹಣ ಕಟ್ಟಿಸಿಕೊಂಡು, ಅವರನ್ನು ಬಸ್ಸು ತುಂಬಿಸಿ ನೀರಾಟದ ಪಾರ್ಕೊಂದಕ್ಕೆ ಒಯ್ದರು. ನೀರಿನ ಭಯಕ್ಕೆ ಹಕ್ಕಿ ನೋಡುವುದನ್ನು ಬಿಡಿಸಿ, ಮಕ್ಕಳನ್ನು ನೇರವಾಗಿ ನೀರಿಗೇ ಇಳಿಸಿದ ಈ ಜಾಣತನವನ್ನು ಏನೆಂದು ಹೊಗಳಲಿ!

ಭಯಕ್ಕೆ ಕಾರಣವಿಲ್ಲವೆಂದು ನಾನು ಹೇಳುತ್ತಿಲ್ಲ. 2024ರ ಡಿಸೆಂಬರ್ 10ರ ಸಂಜೆ ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಹೋದರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಮೂವತ್ತೈದು ವರ್ಷ ಪರರ ಮಕ್ಕಳನ್ನು ನನ್ನ ಬೆನ್ನಿಗೆ ಕಟ್ಟಿಕೊಂಡು ತಿರುಗಿದವನಿಗೆ ಅಂಥ ಸುದ್ದಿ ಸುದ್ದಿಯಾಗಿ ಉಳಿಯುವುದಿಲ್ಲ. ಆ ಹೆಣ್ಣುಮಕ್ಕಳ ಮನೆಯವರ ದುಃಖದ ಮುಂದೆ ಯಾವ ವಾದವೂ ಸಣ್ಣದೇ. ಆದರೆ ಆ ದುಃಖದಿಂದ ನಾವು ಕಲಿತದ್ದೇನು ಎಂಬುದು ನನ್ನ ಪ್ರಶ್ನೆ. ಕಡಲು ಕೆಟ್ಟದ್ದು, ಮಕ್ಕಳನ್ನು ಅದರಿಂದ ದೂರವಿಡಿ ಎಂದಷ್ಟೇ ಕಲಿತಿದ್ದರೆ, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಯಿತು.

ನಮ್ಮಲ್ಲಿ ಶಾಲಾ ಪ್ರವಾಸವೆಂಬುದು ಬಹುಕಾಲದಿಂದ ಒಂದು ಜಾತ್ರೆಯಾಗಿದೆ. ರಾತ್ರಿ ಊಟ ಮುಗಿಸಿ ಬಸ್ಸು ಹತ್ತುವುದು, ನಿದ್ದೆಗಣ್ಣಲ್ಲಿ ಒಂದು ದೇವಸ್ಥಾನ, ಹಲ್ಲುಜ್ಜಿ ಮತ್ತೊಂದು, ಮಧ್ಯಾಹ್ನ ಜಲಪಾತ, ಸಂಜೆ ಹೊತ್ತಿಗೆ ಸಮುದ್ರ. ಮೂರು ದಿನದಲ್ಲಿ ಹದಿನಾಲ್ಕು ಸ್ಥಳ! ಬಯಲುಸೀಮೆಯ ಮಗು ಹುಟ್ಟಿದ ಮೇಲೆ ಮೊದಲ ಸಲ ಕಡಲನ್ನು ಕಾಣುವುದು ದಣಿದ ಮೈಯಲ್ಲಿ, ಕತ್ತಲಾಗುವ ಮುಂಚೆ, ‘ಅರ್ಧ ಗಂಟೆ ಅಷ್ಟೇ’ ಎಂಬ ಎಚ್ಚರಿಕೆಯ ನಡುವೆ. ಎಂಟು ವರ್ಷ ಪಾಠಪುಸ್ತಕದಲ್ಲಿ ನೀಲಿ ಬಣ್ಣವಾಗಿ ಕಂಡದ್ದು ಕಣ್ಣೆದುರು ಬಂದು ನಿಂತಾಗ ಅದು ಓಡಿಹೋಗಿ ತಬ್ಬಿಕೊಳ್ಳದೆ ಇನ್ನೇನು ಮಾಡೀತು? ಆ ಮಗುವಿಗೆ ಅಲೆ ಗೊತ್ತಿಲ್ಲ, ಸೆಳವು ಗೊತ್ತಿಲ್ಲ, ಉಬ್ಬರ ಯಾವಾಗ ಇಳಿತ ಯಾವಾಗ ಗೊತ್ತಿಲ್ಲ. ಜೊತೆಗೆ ಬಂದ ಮಾಸ್ತರಿಗೂ ಗೊತ್ತಿಲ್ಲ. ಚಿಣ್ಣರ ಕರ್ನಾಟಕ ದರ್ಶನದಂಥ ಯೋಜನೆಗಳ ಆಶಯ ಒಳ್ಳೆಯದೇ; ಬಡವರ ಮಕ್ಕಳೂ ನಾಡು ನೋಡಬೇಕು. ಆದರೆ ನೋಡುವುದಕ್ಕೂ ಮುಟ್ಟಿ ಓಡುವುದಕ್ಕೂ ವ್ಯತ್ಯಾಸವಿಲ್ಲವೇ? ಕಡಲನ್ನು ವಿನೋದದ ವಸ್ತುವೆಂದು ತೋರಿಸುವ ಪ್ರವಾಸವೇ ಅಪಾಯದ್ದು. ಅದನ್ನು ಪಾಠವೆಂದು ತೋರಿಸುವ ಪ್ರವಾಸ ಹಾಗಲ್ಲ. ನಮ್ಮವರು ಬಿಟ್ಟದ್ದು ಎರಡನೆಯದನ್ನು. ಮೊದಲನೆಯದನ್ನು ಕಡಲಿಂದ ಎತ್ತಿ ಸಿಮೆಂಟಿನ ತೊಟ್ಟಿಗೆ ಸ್ಥಳಾಂತರಿಸಿದ್ದಾರೆ, ಅಷ್ಟೇ.

ಹಕ್ಕಿ ನೋಡಲು ಹೋದವನು ನೀರಿಗೆ ಇಳಿಯಲಾರ. ಇದು ಬಹಳ ಸರಳವಾದ ಸಂಗತಿ. ಅಳಿವೆಯ ಮರಳದಿಬ್ಬದ ಮೇಲೆ ಇನ್ನೂರು ಕಡಲಕ್ಕಿಗಳು ಗಾಳಿಗೆ ಮುಖ ಮಾಡಿ ಕುಳಿತಿವೆ ಎನ್ನಿ. ನೀವು ನೂರು ಮಾರು ದೂರದಲ್ಲಿ, ಒಣ ನೆಲದ ಮೇಲೆ, ಸದ್ದಿಲ್ಲದೆ ಕೂರಬೇಕು. ಒಬ್ಬ ಹುಡುಗ ಎದ್ದು ಓಡಿದನೋ, ಇಡೀ ಹಿಂಡು ಎದ್ದಿತು. ಮಿಕ್ಕ ಹತ್ತೊಂಬತ್ತು ಮಂದಿ ಅವನನ್ನು ತಿಂದುಹಾಕುವಂತೆ ನೋಡುತ್ತಾರೆ. ಮಾಸ್ತರು ಬೆತ್ತ ಹಿಡಿದು ಮಾಡಲಾಗದ ಶಿಸ್ತನ್ನು ಆ ಹಕ್ಕಿ ಮಾಡಿಸುತ್ತದೆ.

ಇದಕ್ಕೆ ಸಾಕ್ಷಿ ಬೇಕೆನ್ನುವವರಿಗೆ 1994ರ ಫೆಬ್ರುವರಿಯ ಒಂದು ಬೆಳಗನ್ನು ಹೇಳುತ್ತೇನೆ. ನಿಮ್ಮಲ್ಲಿ ಕೆಲವರು ಅಂದು ನನ್ನ ಜೊತೆಗಿದ್ದವರೇ. ಒಂಬತ್ತನೆಯ ತರಗತಿಯ ಇಪ್ಪತ್ತೆಂಟು ಮಂದಿ, ಇಬ್ಬರು ಮಾಸ್ತರರು, ಒಬ್ಬ ಅಕ್ಕೋರು, ದೋಣಿಯ ಕೆಲಸ ಬಲ್ಲ ಊರವನೊಬ್ಬ, ಎಲ್ಲರಿಗೂ ಸೇರಿ ಒಂದೇ ದುರ್ಬೀನು. ಹತ್ತು ಗಂಟೆಯ ಸುಮಾರಿಗೆ ಇಳಿತ ಬೀಳುವ ದಿನವನ್ನು ಮೀನುಗಾರರನ್ನೇ ಕೇಳಿ ಗೊತ್ತುಮಾಡಿಕೊಂಡಿದ್ದೆವು. ಎಂಟಕ್ಕೇ ಅಘನಾಶಿನಿಯ ಅಳಿವೆಯ ದಂಡೆಯಲ್ಲಿ ಕುಳಿತೆವು. ನೀರು ಸರಿದಂತೆಲ್ಲ ಕೆಸರು ತೆರೆದುಕೊಂಡಿತು. ಕೆಸರು ತೆರೆದಂತೆಲ್ಲ ಹಕ್ಕಿಗಳು ಬಂದಿಳಿದವು. ಗಿಡ್ಡ ಕೊಕ್ಕಿನ ಪ್ಲೋವರುಗಳು ಮೇಲ್ಮೈಯಲ್ಲಿ ಓಡೋಡಿ ಹೆಕ್ಕುತ್ತಿದ್ದವು. ಗೊರವಗಳು ಎರಡು ಬೆರಳಿನಷ್ಟು ಆಳಕ್ಕೆ ಚುಚ್ಚುತ್ತಿದ್ದವು. ಬಿಲ್ಲಿನಂತೆ ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಹಕ್ಕಿ ಕಣ್ಣಿನವರೆಗೂ ಮುಖ ತೂರಿಸಿ ಏಡಿಯನ್ನು ಎಳೆದು ತೆಗೆಯುತ್ತಿತ್ತು. ಒಂದೇ ಕೆಸರಿನಲ್ಲಿ ಮೂರು ಅಂತಸ್ತಿನ ಊಟ, ಜಗಳವಿಲ್ಲದೆ. ನಾನು ಕಪ್ಪುಹಲಗೆಯ ಮೇಲೆ ಎರಡು ತಾಸು ಬರೆದರೂ ಹೊಳೆಯದ ಸಂಗತಿ ಹತ್ತು ನಿಮಿಷದಲ್ಲಿ ಹೊಳೆಯಿತು. ‘ಅದಕ್ಕೇ ಕೊಕ್ಕು ಬೇರೆ ಬೇರೆ, ಅಲ್ವಾ ಸರ್’ ಎಂದವಳು ಹಿಂದಿನ ಬೆಂಚಿನಲ್ಲಿ ವರ್ಷವಿಡೀ ಬಾಯಿ ಬಿಡದೆ ಕುಳಿತ ಹುಡುಗಿ.

ಆಮೇಲೆ ಕಡಲಕ್ಕಿಗಳು. ಇಂಗ್ಲಿಷಿನಲ್ಲಿ ಗಲ್ ಎನ್ನುತ್ತಾರಲ್ಲ, ಅವು. ಪುಸ್ತಕದಲ್ಲಿ ‘ಕಂದುತಲೆಯ ಕಡಲಕ್ಕಿ’ ಎಂದಿತ್ತು, ನಾನೂ ಹಾಗೆಯೇ ಹೇಳಿದೆ. ದುರ್ಬೀನು ಹಿಡಿದ ಹುಡುಗ ತುಸು ಹೊತ್ತು ನೋಡಿ, ‘ಸರ್, ಕಂದು ಎಲ್ಲದೆ? ತಲೆ ಬೆಳ್ಳಗೇ ಅದ್ಯಲ್ಲ!’ ಎಂದ. ಅವನು ನೋಡಿದ್ದು ಸರಿಯೇ. ಚಳಿಗಾಲದಲ್ಲಿ ಅದರ ತಲೆ ಬಿಳಿ. ಕಿವಿಯ ಬಳಿ ಕಪ್ಪು ಬೊಟ್ಟೊಂದು ಮಾತ್ರ. ಮರಿಮಾಡುವ ಕಾಲ ಹತ್ತಿರವಾದಾಗ, ಮಾರ್ಚಿಯ ಹೊತ್ತಿಗೆ, ತಲೆ ಕಂದಾಗುತ್ತದೆ. ಆಗ ಅದು ನಮ್ಮ ಕಡಲನ್ನು ಬಿಟ್ಟು ಲಡಾಖ್, ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಸರೋವರಗಳಿಗೆ ಹೊರಡುತ್ತದೆ. ಪುಸ್ತಕದ ಹೆಸರಿಗೂ ಕಣ್ಣಿನ ಸಾಕ್ಷಿಗೂ ತಾಳೆಯಾಗದಿದ್ದಾಗ ಕಣ್ಣನ್ನು ನಂಬಿ ಪ್ರಶ್ನೆ ಕೇಳುವುದೇ ವಿಜ್ಞಾನ. ಆ ಹುಡುಗ ಅಂದು ಕಲಿತದ್ದು ಅದನ್ನು. ಸ್ಮಾರ್ಟ್ ಕ್ಲಾಸಿನ ಪರದೆಯ ಮೇಲೆ ಯಾವಾಗಲೂ ಕಂದುತಲೆಯ ಚಿತ್ರವನ್ನೇ ತೋರಿಸುತ್ತಾರೆ, ಅದು ಚೆಂದವಾಗಿರುತ್ತದೆಂದು.

ಅಂದು ನಮಗಿಂತ ಮೊದಲೇ ಕೆಸರಿಗಿಳಿದು ಬೆಳಚು ಆರಿಸುತ್ತಿದ್ದ ಹೆಂಗಸರಿದ್ದರು. ಅವರಲ್ಲಿ ಹಿರಿಯಳೊಬ್ಬಳು ಹುಡುಗರಿಗೆ ಹೇಳಿದ ಪಾಠ ನನ್ನದಕ್ಕಿಂತ ಮಿಗಿಲಾದದ್ದು. ಹಕ್ಕಿ ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೋ ಅಲ್ಲಿ ಕೆಸರಿಗೆ ಜೀವವಿದೆ, ಬೆಳಚೂ ಅಲ್ಲೇ ಎಂದಳು. ಹತ್ತೂವರೆಯ ಹೊತ್ತಿಗೆ ಸೊಂಟ ನೆಟ್ಟಗೆ ಮಾಡಿ ಅಳಿವೆಯ ಬಾಯಿಯತ್ತ ಒಮ್ಮೆ ನೋಡಿ, ‘ಮಾಸ್ತರೆ, ನೀರು ತಿರುಗ್ತು, ಹುಡ್ರನ್ನ ಕರ್ಕಂಡು ಮೇಲೆ ಹೋಗಿ’ ಎಂದಳು. ನಾವು ಹೋದೆವು. ಪಾದ ಒದ್ದೆಯಾದವರು ನಾಲ್ಕೈದು ಮಂದಿ. ಮೊಣಕಾಲು ಒದ್ದೆಯಾದವರು ಒಬ್ಬರೂ ಇಲ್ಲ. ಉಬ್ಬರವೆಂದರೇನೆಂದು ಆ ಇಪ್ಪತ್ತೆಂಟು ಮಂದಿಗೆ ಈಗಲೂ ಗೊತ್ತು. ಕಡಲಿನ ಬಗ್ಗೆ ಎಚ್ಚರ ಕಲಿಸಲು ಕಡಲ ದಂಡೆಗಿಂತ ಒಳ್ಳೆಯ ಶಾಲೆ ಯಾವುದು?

ನನ್ನ ತಂಗಿಯ ಮಗ ಈಗ ಮುಖ್ಯೋಪಾಧ್ಯಾಯ. ಫೋನಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡು, ‘ಮಾವ, ನಿಮ್ಮ ಕಾಲ ಬೇರೆ. ಏನಾದರೂ ಆದರೆ ಜೈಲಿಗೆ ಹೋಗುವವನು ನಾನು’ ಎಂದ. ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಮುರ್ಡೇಶ್ವರದ ದುರಂತದಲ್ಲಿ ಶಿಕ್ಷಕರ ಬಂಧನವಾದದ್ದನ್ನು ಎಲ್ಲರೂ ಓದಿದ್ದೇವೆ. ಒಂದು ಕಡೆ ಐವತ್ತು ಮಕ್ಕಳಿಗೆ ನಾಲ್ಕೈದು ಶಿಕ್ಷಕರನ್ನು ಕಟ್ಟಿ ಕಳುಹಿಸುವುದು, ಇನ್ನೊಂದು ಕಡೆ ಹೊಣೆಯನ್ನೆಲ್ಲ ಅವರ ತಲೆಗೇ ಕಟ್ಟುವುದು. ಹೀಗಾದರೆ ಯಾವ ಮಾಸ್ತರನಿಗೆ ಧೈರ್ಯ ಬಂದೀತು? ಹಾಗಾಗಿ ನಾನು ಅವನಿಗೆ ಹೇಳಿದ್ದು ಇಷ್ಟು: ಧೈರ್ಯ ಮಾಡು ಎನ್ನುವುದಿಲ್ಲ, ನಿಯಮ ಕೇಳು. ಕಡಲ ದಂಡೆಯ ಪಾಠಕ್ಕೆ ಬೇರೆಯೇ ನಿಯಮ ಬರೆಯಿರೆಂದು ಇಲಾಖೆಯವರನ್ನು ಕೇಳು. ಏಳೆಂಟು ಮಕ್ಕಳಿಗೊಬ್ಬ ದೊಡ್ಡವರು. ಊರಿನ ಮೀನುಗಾರನೊಬ್ಬ ಜೊತೆಗೆ, ಅವನಿಗೆ ದಿನದ ಕೂಲಿ. ಇಳಿತಕ್ಕೆ ಎರಡು ತಾಸು ಮುಂಚೆ ಹೋಗಿ ನೀರು ತಿರುಗಿದೊಡನೆ ಮೇಲೆ ಬರುವುದು. ಮಳೆಗಾಲದಲ್ಲಿ ಇಲ್ಲವೇ ಇಲ್ಲ. ಈಜುಡುಪು, ಚೆಂಡು ಮನೆಯಲ್ಲಿ. ಅದೇ ದಿನ ಮತ್ತೊಂದು ಸ್ಥಳವಿಲ್ಲ. ಇಷ್ಟನ್ನು ಪಾಲಿಸಿದ ಶಿಕ್ಷಕನಿಗೆ ಕಾನೂನು ರಕ್ಷಣೆಯಾಗಬೇಕು. ಪಾಲಿಸದವನನ್ನು ಬೇಕಾದರೆ ಹಿಡಿಯಲಿ. ಅವನು ‘ನೋಡುವಾ ಮಾವ’ ಎಂದಿದ್ದಾನೆ. ನಮ್ಮ ಜಿಲ್ಲೆಯಲ್ಲಿ ‘ನೋಡುವಾ’ ಎಂದರೆ ಏನರ್ಥವೆಂದು ನಿಮಗೆ ಹೇಳಬೇಕಾಗಿಲ್ಲ.

ಆದರೆ ನನ್ನ ಜಗಳ ಮಕ್ಕಳ ಕಲಿಕೆಯೊಂದಕ್ಕೇ ಸೀಮಿತವಲ್ಲ. ಇದರಲ್ಲಿ ಹಕ್ಕಿಯ ಪಾಲೂ ಇದೆ.

ತರಗತಿಯಲ್ಲಿ ಹಕ್ಕಿಯ ವಾಸಸ್ಥಾನ ಯಾವುದೆಂದು ಕೇಳಿದರೆ ಎಲ್ಲ ಮಕ್ಕಳೂ ಗೂಡು ಎನ್ನುತ್ತಾರೆ. ನಮ್ಮ ಕರಾವಳಿಗೆ ಬರುವ ಕಡಲಕ್ಕಿಗಳಿಗೂ ಹೆಚ್ಚಿನ ರೀವಗಳಿಗೂ ಇಲ್ಲಿ ಗೂಡೇ ಇಲ್ಲ. ಅವು ಚಳಿಗಾಲದ ಅತಿಥಿಗಳು. ಅವುಗಳಿಗೆ ಇಲ್ಲಿ ಬೇಕಾದದ್ದು ಉಣ್ಣಲು ಕೆಸರು ಮತ್ತು ನೀರು, ಉಬ್ಬರದ ಹೊತ್ತಿಗೆ ನಾಯಿಯ ಕಾಟವಿಲ್ಲದೆ, ಗಾಡಿಯ ಕಾಟವಿಲ್ಲದೆ ಕೂತು ದಣಿವಾರಿಸಿಕೊಳ್ಳಲು ಒಂದು ಮರಳದಿಬ್ಬ. ಅಲ್ಲಿ ಕೂತದ್ದು ಮತ್ತೆ ಮತ್ತೆ ಎದ್ದು ಹಾರಬೇಕಾಗಿ ಬಂದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗುತ್ತದೆ. ಏಪ್ರಿಲಿನಲ್ಲಿ ಉತ್ತರಕ್ಕೆ ಹಾರಲು ಬೇಕಾದ ಬುತ್ತಿಯೇ ಅದು. ಹುಲ್ಲುಕಡ್ಡಿಯೂ ಇಲ್ಲದ, ಮರವಿಲ್ಲದ, ನೆರಳಿಲ್ಲದ ಆ ದಿಬ್ಬವನ್ನು ನೋಡಿದ ಯಾರಿಗಾದರೂ ಅದು ಖಾಲಿ ಜಾಗವಾಗಿ ಕಾಣುತ್ತದೆ. ಖಾಲಿ ಜಾಗವೆಂದರೆ ನಮ್ಮಲ್ಲಿ ಏನಾಗುತ್ತದೆಂದು ಗೊತ್ತಷ್ಟೆ.

ಎರಡು ಸಾವಿರದ ದಶಕದಲ್ಲಿ ಇದೇ ಅಘನಾಶಿನಿಯ ಬಾಯಿಯಲ್ಲಿ, ತದಡಿಯಲ್ಲಿ, 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾಪ ಬಂದದ್ದು ನೆನಪಿದೆಯೇ? ಜನ ವಿರೋಧಿಸಿದರು, ಪ್ರಸ್ತಾಪ ಬಿದ್ದಿತು. ಬಂದರಿನ ಮಾತು ಮಾತ್ರ ಮತ್ತೆ ಮತ್ತೆ ತಲೆಯೆತ್ತುತ್ತ ಬಂದಿದೆ. 2024ರ ಜನವರಿಯಲ್ಲಿ ಅದೇ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ರಾಮ್‌ಸಾರ್ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ, ಅದರ ಗಜನಿಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪಿನಾಗರ, ಬೆಳಚಿನಿಂದ ಹೊಟ್ಟೆ ಹೊರೆಯುವ ಸಾವಿರಾರು ಮಂದಿ: ಇವೆಲ್ಲ ಇರುವ ಆ ಜಾಗದ ಬೆಲೆಯನ್ನು ಜಗತ್ತೇ ಒಪ್ಪಿತು. ಅದರ ದಂಡೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿರುವ ಶಾಲೆಗಳ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ಕಣ್ಣಾರೆ ಕಂಡಿದ್ದಾರೆ? ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂದು ಹಿರಿಯರು ಗಾದೆ ಕಟ್ಟಿದ್ದು ನಮ್ಮನ್ನೇ ನೋಡಿರಬೇಕು.

ನಮ್ಮ ಜಿಲ್ಲೆಯಲ್ಲಿ ‘ಸೀಬರ್ಡ್’ ಎಂಬ ಪದದ ಅವಸ್ಥೆಯೂ ಹೀಗೆಯೇ. ಆ ಹೆಸರಿನ ನೌಕಾನೆಲೆಯ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಕಾರವಾರ, ಅಂಕೋಲೆಗಳ ಕಡಲಂಚಿನ ಸಾವಿರಾರು ಕುಟುಂಬಗಳು ಅದಕ್ಕಾಗಿ ಊರು ಬಿಟ್ಟವು. ದೇಶದ ರಕ್ಷಣೆ ದೊಡ್ಡದು. ಆ ವಿಷಯ ಇಲ್ಲಿ ಬೇಡ. ನಾನು ನಿವೃತ್ತನಾಗುವ ಮುಂಚಿನ ವರ್ಷ ತರಗತಿಯಲ್ಲಿ ‘ಸೀಬರ್ಡ್ ಎಂದರೇನು, ಕನ್ನಡದಲ್ಲಿ ಹೇಳಿ’ ಎಂದು ಕೇಳಿದೆ. ಕಡಲಹಕ್ಕಿ ಎಂದು ಒಬ್ಬರೂ ಹೇಳಲಿಲ್ಲ. ಒಬ್ಬ ‘ನೇವಿ’ ಎಂದ. ಇನ್ನೊಬ್ಬ ಎದ್ದು ನಿಂತು, ‘ನಮ್ಮ ಅಜ್ಜನ ಮನೆ ಇದ್ದ ಜಾಗ ಸರ್’ ಎಂದ. ಅಂದು ಆ ಹುಡುಗನಿಗೆ ನೆಲೆ ಎಂಬ ಪದವನ್ನು ನಾನು ವಿವರಿಸಬೇಕಾಗಿ ಬರಲಿಲ್ಲ. ಮರಳದಿಬ್ಬ ಹೋದ ಹಕ್ಕಿಯ ಸ್ಥಿತಿಯನ್ನು ಅವನೇ ಮಿಕ್ಕವರಿಗೆ ತಿಳಿಯಹೇಳಿದ.

ಕಡಲಹಕ್ಕಿಯ ನೆಲೆಯೆಂದರೆ ನೇತ್ರಾಣಿಗೇ ಹೋಗಬೇಕು ಎನ್ನುವ ಉತ್ಸಾಹಿಗಳೂ ಇದ್ದಾರೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಆ ದ್ವೀಪ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುವ ಜಾಗ. ಮುಂದೆ ಕಾಂಗ್ರೆಸ್ ಸಂಸ್ಥೆಯನ್ನು ಹುಟ್ಟುಹಾಕಿದ ಎ. ಓ. ಹ್ಯೂಮ್ ಹಕ್ಕಿಗಳ ಹಿಂದೆ ಬಿದ್ದು 1875ರಲ್ಲಿಯೇ ಅಲ್ಲಿಗೆ ಹೋಗಿದ್ದ. ಆಮೇಲೆ ನೌಕಾಪಡೆಯವರು ಅದನ್ನು ಗುರಿಯ ಅಭ್ಯಾಸಕ್ಕೆ ಬಳಸಿದರು. ಈಗ ಅದರ ಸುತ್ತಲಿನ ನೀರಿನಲ್ಲಿ ಸ್ಕೂಬಾ ಮುಳುಗಿನ ವಹಿವಾಟು. ಶಾಲೆಯ ಮಕ್ಕಳನ್ನು ದೋಣಿಯಲ್ಲಿ ಅಷ್ಟು ದೂರ ಒಯ್ಯುವುದು ನನಗೆ ಸರಿಕಾಣದು. ಮಕ್ಕಳಿಗೂ ಕ್ಷೇಮವಲ್ಲ, ಗೂಡಿನ ಹದ್ದಿಗೂ ಕ್ಷೇಮವಲ್ಲ. ಕೆಲವು ನೆಲೆಗಳನ್ನು ದೂರದಿಂದ ತಿಳಿದುಕೊಳ್ಳುವುದೇ ಸಭ್ಯತೆ. ಹದ್ದು ಬೇಕೆಂದರೆ ದಂಡೆಯಲ್ಲೇ ತಾಳ್ಮೆಯಿಂದ ಕಾದರಾಯಿತು; ಕಡಲಿನ ಮೇಲೆ ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ತೇಲುತ್ತ ಅದೇ ಬರುತ್ತದೆ.

ಬೆಂಗಳೂರು, ಪುಣೆ, ಅಮೆರಿಕಗಳಲ್ಲಿರುವ ನನ್ನ ಶಿಷ್ಯರಲ್ಲಿ ಒಂದು ಮಾತು. ಶಾಲೆಗೆ ಕಂಪ್ಯೂಟರು ಕೊಡಿಸುತ್ತೇವೆ, ಪ್ರೊಜೆಕ್ಟರು ಕೊಡಿಸುತ್ತೇವೆ ಎಂದು ನೀವು ಆಗಾಗ ಬರೆಯುತ್ತೀರಿ. ಸಂತೋಷ. ಇನ್ನು ಮುಂದೆ ಆ ಹಣದಲ್ಲಿ ಸ್ವಲ್ಪವನ್ನು ದುರ್ಬೀನಿಗೆ ಇಡಿ, ಮೀನುಗಾರನ ಒಂದು ದಿನದ ಕೂಲಿಗೆ ಇಡಿ. ರಜೆಗೆ ಊರಿಗೆ ಬಂದಾಗ ಮಕ್ಕಳೊಡನೆ ನೀವೂ ಒಂದು ಬೆಳಗು ದಂಡೆಯಲ್ಲಿ ಕೂರಿ. ಪಾಲಕರ ಸಭೆಯಲ್ಲಿ ಹೆದರಿದ ಮಂದಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇಬ್ಬರಿದ್ದರೆಂದು ಕೇಳಿದೆ. ಅವರ ಹೆಸರು ಬರೆಯುವುದಿಲ್ಲ. ಆದರೆ 1994ರಲ್ಲಿ ಅವರಿಬ್ಬರೂ ಅಲ್ಲಿದ್ದರು, ದುರ್ಬೀನಿಗಾಗಿ ಕಿತ್ತಾಡಿದ್ದರು, ಒಣ ಚಡ್ಡಿಯಲ್ಲೇ ಮನೆಗೆ ಮರಳಿದ್ದರು ಎಂಬುದಷ್ಟನ್ನು ಮಾತ್ರ ನೆನಪಿಸುತ್ತೇನೆ.

ಆ ಅಕ್ಕೋರು ಮತ್ತೊಮ್ಮೆ ಅರ್ಜಿ ಕೊಡುತ್ತಾರಂತೆ. ನಾನು ನನ್ನ ಹೆಸರನ್ನೂ ದೊಡ್ಡವರ ಪಟ್ಟಿಯಲ್ಲಿ ಸೇರಿಸಲು ಹೇಳಿದ್ದೇನೆ. ಮೊಣಕಾಲು ನೋವಿದ್ದರೂ ಕೂತು ನೋಡಲು ಅಡ್ಡಿಯಿಲ್ಲ. ಹೋಗುವುದಾದರೆ ಫೆಬ್ರುವರಿಯೊಳಗೆ ಹೋಗಬೇಕು. ತಡವಾದರೆ ಮಾರ್ಚಿಯಲ್ಲಾದರೂ, ಆಗ ತಲೆ ಕಂದಾಗುತ್ತಿರುವುದನ್ನು ನೋಡಬಹುದು. ನನ್ನ ಹಳೆಯ ದುರ್ಬೀನಿನ ಎಡಗಣ್ಣಿಗೆ ಬೂಷ್ಟು ಹಿಡಿದಿದೆ, ಬಲಗಣ್ಣು ಚೊಕ್ಕವಾಗಿದೆ. ಬೇಕಾದ ಶಾಲೆಯವರು ಮನೆಗೆ ಬಂದು ಒಯ್ಯಬಹುದು. ತಿರುಗಿ ಕೊಡುವಾಗ ಮರಳು ಒರೆಸಿ ಕೊಟ್ಟರೆ ಸಾಕು.